ಬೆಸ ಫ್ಲಾಪಿ, ಸಮ ಫ್ಲಾಪಿ

ಲಿಫ್ಟು ಆರನೇ ಮತ್ತು ಏಳನೇ ಮಹಡಿಯ ನಡುವೆ ನಿಂತಿತು.

ಕೆಟ್ಟು ನಿಂತದ್ದಲ್ಲ. ಯಾರೋ ನಿಲ್ಲಿಸಿದ್ದು. ಹದಿನೆಂಟು ವರ್ಷ ನನ್ನ ಕಸುಬು ಮಾಡಿದವನಿಗೆ ಆ ವ್ಯತ್ಯಾಸ ಬೆನ್ನುಹುರಿಗೇ ಗೊತ್ತಾಗುತ್ತದೆ.

ಮಧ್ಯಾಹ್ನ ಹನ್ನೆರಡೂವರೆ. ಒಳಗೆ ನಾನೊಬ್ಬನೇ. ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬಿ.

ಫ್ಯಾನು ನಿಂತಿತು. ಲೈಟು ಒಮ್ಮೆ ಕಣ್ಣು ಹೊಡೆಯಿತು... ನೆತ್ತಿಯ ಮೇಲಿನ ಸ್ಪೀಕರು ಕರಕರ ಎಂದಿತು.

"ಊಟ ಆಯ್ತಾ ಸಾರ್?"

ಕೈ ಮುರೀತೀನಿ ಅಂದವರನ್ನು ನೋಡಿದ್ದೇನೆ. ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಜಡಿದವರನ್ನೂ ನೋಡಿದ್ದೇನೆ. ಊಟ ವಿಚಾರಿಸಿ ಬೆದರಿಸುವವನು ಸಿಕ್ಕಿದ್ದು ಅದೇ ಮೊದಲು!

ಇಲ್ಲ ಎಂದೆ.

"ಹಾಗಾದ್ರೆ ಬೇಗ ಮುಗಿಸೋಣ. ನಿಮಗೇನೂ ಮಾಡಲ್ಲ. ಬಾಗಿಲು ಒಂದು ಗೇಣು ತೆರೀತೀನಿ. ಆ ಡಬ್ಬಿ ಕೊಡಿ. ಒಂದ್ಸಲ ಮ್ಯಾಗ್ನೆಟ್ ಸವರಿ ವಾಪಸ್ ಕೊಟ್ಬಿಡ್ತೀನಿ."

ಬಾಗಿಲು ಕಿರ್ರೆಂದು ಸರಿಯಿತು. ನನ್ನ ಕಣ್ಣಿನ ಮಟ್ಟಕ್ಕೆ ಏಳನೇ ಮಹಡಿಯ ನೆಲ. ಅಲ್ಲಿ ಪಾಲಿಶ್ ಮಾಡಿದ ಎರಡು ಬೂಟು. ಬೂಟಿನ ಪಕ್ಕ ಊಟದ ತಟ್ಟೆಯಷ್ಟು ಅಗಲದ ಒಂದು ಮ್ಯಾಗ್ನೆಟ್ಟು.

ನನ್ನ ಡಬ್ಬಿಯಲ್ಲಿ ಇದ್ದದ್ದು ಚಿನ್ನವಲ್ಲ. ವಜ್ರವಲ್ಲ. ಹಳೆಯ ಕಂಪ್ಯೂಟರಿನ ಆರು ಫ್ಲಾಪಿ. ಅವುಗಳ ಮೇಲೆ ಮ್ಯಾಗ್ನೆಟ್ ಆಡಿಸಿದರೆ ಒಳಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅಷ್ಟು ನನಗೂ ಗೊತ್ತಿತ್ತು.

ಗೊತ್ತಾಗಿ ಇನ್ನೂ ಮೂರು ಗಂಟೆ ಆಗಿತ್ತು, ಅಷ್ಟೇ.

ಬೆಳಿಗ್ಗೆ ಒಂಬತ್ತೂವರೆಗೆ ಇದೇ ಕಟ್ಟಡದ ಏಳನೇ ಮಹಡಿಯಿಂದ ಫೋನ್ ಬಂದಿತ್ತು. ಅಲ್ಲೊಂದು ಸಣ್ಣ ಕಂಪನಿ. ಹಳೆಯ ಜಪಾನಿ ಯುದ್ಧದ ಗೇಮುಗಳನ್ನು ಪಿ.ಸಿ.ಗೆ ತರುವುದು ಅವರ ಕೆಲಸ. ಢಂ ಢಂ ಎಂದು ಗುಂಡು ಹಾರಿಸುವ ಗೇಮಲ್ಲ. ಪರದೆಯ ಮೇಲೆ ಚೌಕ ಚೌಕವಾದ ನೆಲ. ನಿಮ್ಮ ಕಡೆ ಏಳೆಂಟು ಜನ... ಕತ್ತಿಯವನು, ಬಿಲ್ಲಿನವಳು, ಕುದುರೆಯವನು, ಗಾಯ ವಾಸಿಮಾಡುವ ಒಬ್ಬಳು. ನಿಮ್ಮ ಸರದಿ ಬಂದಾಗ ಒಬ್ಬೊಬ್ಬರನ್ನೇ ನಡೆಸಬೇಕು. ಆಮೇಲೆ ಶತ್ರುವಿನ ಸರದಿ. ನಡುನಡುವೆ ಎಲ್ಲರೂ ಯುದ್ಧ ನಿಲ್ಲಿಸಿ ಮಾತಾಡುತ್ತಾರೆ. ಬಹಳ ಮಾತಾಡುತ್ತಾರೆ. ಸತ್ತವರು ಮಾತ್ರ ಸತ್ತಂತೆಯೇ, ಮರಳಿ ಬರುವುದಿಲ್ಲ.

ಕಂಪನಿಯ ಯಜಮಾನಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ನಾನೂ ಅಂದೆ. ಅವರು ವಿಷಯ ಹೇಳಿದರು. ಜಪಾನಿನ ಕಂಪನಿಯೊಂದು ತನ್ನ ಹಳೆಯ ಗೇಮನ್ನು ಪಿ.ಸಿ.ಗೆ ತರಲು ಇವರಿಗೆ ಒಪ್ಪಿಗೆ ಕೊಟ್ಟಿದೆ. ಆದರೆ ಗೇಮಿನ ಮೂಲ ಪ್ರೋಗ್ರಾಮನ್ನು ಅವರು ಆಫೀಸು ಬದಲಿಸುವಾಗ ಕಳೆದುಕೊಂಡಿದ್ದಾರೆ. ಇಡೀ ಭೂಮಿಯ ಮೇಲೆ ಉಳಿದಿರುವುದು ಒಂದೇ ಪ್ರತಿ. ಅದು ಇರುವುದು ನಮ್ಮೂರಲ್ಲಿ!

ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿನ ಗಂಡ ಹೆಂಡತಿ ಇಬ್ಬರು ಜಪಾನಿನಿಂದ ಆ ಪ್ರೋಗ್ರಾಂ ತರಿಸಿಕೊಂಡು ಅದೇ ಗೇಮನ್ನು ಪಿ.ಸಿ.ಗೆ, ಅದೂ ನಮ್ಮ ಭಾಷೆಯಲ್ಲಿ, ತರಲು ಹೊರಟಿದ್ದರು. ಗಂಡ ಪ್ರೋಗ್ರಾಂ ಬರೆಯುವವನು. ಹೆಂಡತಿ ಜಪಾನಿ ಕಲಿತವಳು, ಮಾತುಗಳನ್ನೆಲ್ಲ ನಮ್ಮ ಭಾಷೆಗೆ ತಂದವಳು. ಕೆಲಸ ಮುಗಿಯಲು ಒಂದು ವಾರ ಇತ್ತು. ಅಷ್ಟರಲ್ಲಿ ಡೈವೋರ್ಸ್ ಆಯಿತು.

ನ್ಯಾಯಾಧೀಶರು ಮನೆಯ ಸಾಮಾನು ಹಂಚಿದರು. ಮಂಚ ಇವನಿಗೆ, ಬೀರು ಇವಳಿಗೆ. ಹನ್ನೆರಡು ಫ್ಲಾಪಿಯಲ್ಲಿ ಬೆಸ ಸಂಖ್ಯೆಯವು ಗಂಡನಿಗೆ. ಸಮ ಸಂಖ್ಯೆಯವು ಹೆಂಡತಿಗೆ.

ಹನ್ನೆರಡೂ ಸೇರಿದರೆ ಗೇಮು. ಬೇರೆ ಬೇರೆಯಾದರೆ ಟೀ ಲೋಟದ ಕೆಳಗೆ ಇಡಬಹುದು, ಅಷ್ಟೇ.

ಇಬ್ಬರಿಗೂ ಫೋನ್ ಮಾಡಿದ್ರಾ ಎಂದು ಕೇಳಿದೆ. ಮಾಡಿದ್ದರಂತೆ. ಇಬ್ಬರೂ ಒಂದೇ ಮಾತು ಹೇಳಿದರಂತೆ. ಮೊದಲು ಆ ಕಡೆಯವರು ಕೊಡಲಿ.

"ಜಪಾನಿನ ಒಪ್ಪಿಗೆ ಶುಕ್ರವಾರ ಸಾಯಂಕಾಲ ಐದಕ್ಕೆ ಮುಗಿಯುತ್ತೆ," ಎಂದರು ಮೇಡಂ. "ಅಷ್ಟರೊಳಗೆ ಗೇಮು ಓಡೋದನ್ನ ಅವರಿಗೆ ತೋರಿಸ್ಬೇಕು. ಇವತ್ತು ಬುಧವಾರ."

ಕಳೆದದ್ದನ್ನು ಹುಡುಕಿ ತರುವುದು ನನ್ನ ಕಸುಬು. ಕದ್ದ ಕಾರು ತಂದಿದ್ದೇನೆ. ಓಡಿಹೋದ ಮದುಮಗನನ್ನು ಕಾಲರ್ ಹಿಡಿದು ತಂದಿದ್ದೇನೆ. ಆರು ಫ್ಲಾಪಿ ಯಾವ ಲೆಕ್ಕ!

ಗಂಡ ಈಗ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ. ಅಂಗಡಿಯ ತುಂಬ ಗಾಜಿನ ತೊಟ್ಟಿಗಳು, ಬುಳುಬುಳು ಸದ್ದು, ಪಾಚಿಯ ವಾಸನೆ. ಅವನು ಮೊಣಕೈವರೆಗೆ ನೀರಿನಲ್ಲಿ ಕೈ ಬಿಟ್ಟು ತೊಟ್ಟಿ ಉಜ್ಜುತ್ತಿದ್ದ. ನಾನು ನನ್ನ ಹಳೆಯ ವರಸೆ ಹಾಕಿದೆ.

"ಆಕೆ ಆಗಲೇ ಕೊಟ್ಟಾಯ್ತು. ನಿಮ್ಮದೇ ಬಾಕಿ."

ಶುದ್ಧ ಸುಳ್ಳು. ಆದರೆ ನೀರೊಳಗಿನ ಕೈ ನಿಂತುಬಿಟ್ಟಿತು. ಒಂದು ಮೀನು ಬಂದು ಅವನ ಬೆರಳು ಮೂಸಿ ಹೋಯಿತು. ಅವನು ಕೈ ಒರೆಸಿಕೊಂಡು, ದೊಡ್ಡ ತೊಟ್ಟಿಯ ಹಿಂದಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದುಕೊಟ್ಟ. ಒಂದೇ ಷರತ್ತು. ಫ್ಲಾಪಿಗಳನ್ನು ಮಷೀನಿಗೆ ಹಾಕುವಾಗ ತಾನು ಅಲ್ಲಿರಬೇಕು.

ಯಾಕೆ ಬೇರೆ ಆದಿರಿ ಎಂದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

"ಎರಡಕ್ಷರಕ್ಕೆ," ಎಂದು ಹೇಳಿ ಮತ್ತೆ ತೊಟ್ಟಿಗೆ ಕೈ ಹಾಕಿದ.

ಅಲ್ಲಿಂದ ನೇರ ಬಂದು ಲಿಫ್ಟು ಹತ್ತಿದ್ದೆ. ಈಗ ಬೂಟುಗಳನ್ನು ನೋಡುತ್ತಾ ನಿಂತಿದ್ದೆ.

ಯಾರು ನೀನು ಎಂದು ಕೇಳಿದೆ. ಅವನು ಮುಚ್ಚುಮರೆ ಮಾಡಲಿಲ್ಲ. ಲಿಫ್ಟ್ ಮೆಕ್ಯಾನಿಕ್. ಈ ಏರಿಯಾದ ಇಪ್ಪತ್ತೆರಡು ಲಿಫ್ಟು ಅವನದೇ ಜವಾಬ್ದಾರಿ. ಜನ ಲಿಫ್ಟಿನಲ್ಲಿ ಮೆಕ್ಯಾನಿಕ್ ಇದ್ದಾನೆಂದು ಮಾತು ನಿಲ್ಲಿಸುವುದಿಲ್ಲ. ಮೇಡಂ ತಮ್ಮ ಕಡೆಯವರೊಂದಿಗೆ ಆ ಗೇಮಿನ ಹೆಸರನ್ನೂ, ಫ್ಲಾಪಿ ತರಲು ನಾನು ಹೋಗಿರುವುದನ್ನೂ ಹೇಳಿದಾಗ ಇವನು ಕೆಳಗೆ ಕುಳಿತು ಬಾಗಿಲಿನ ಸ್ಕ್ರೂ ಬಿಗಿಯುತ್ತಿದ್ದ.

"ಆ ಗೇಮು ಪಿ.ಸಿ.ಗೆ ಬಂದ್ರೆ ನಿನಗೇನು ನಷ್ಟ?"

ಬೂಟುಗಳು ಒಂದು ಹೆಜ್ಜೆ ಹತ್ತಿರ ಬಂದವು. ಆಮೇಲೆ ಮಡಚಿಕೊಂಡವು. ನೆಲದ ಮಟ್ಟಕ್ಕೆ ಒಂದು ಮುಖ ಇಳಿಯಿತು. ನಲವತ್ತೈದರ ಆಸುಪಾಸು, ಒಪ್ಪವಾಗಿ ಬಾಚಿದ ತಲೆ.

"ಇಪ್ಪತ್ತಾರು ವರ್ಷದಿಂದ ಅದನ್ನ ಆಡ್ತಾ ಇದೀನಿ ಸಾರ್. ಟಿ.ವಿ.ಗೆ ಹಚ್ಚೋ ಗೇಮ್ ಡಬ್ಬೀಲಿ. ಜಪಾನಿ ಭಾಷೇದೇ. ಒಂದಕ್ಷರ ಓದೋಕೆ ಬರಲ್ಲ. ಅವರು ಬಾಯಿ ಅಲ್ಲಾಡಿಸ್ತಾರೆ, ನಾನು ನೋಡ್ತೀನಿ. ಏನು ಮಾತಾಡ್ತಾರೆ ಅನ್ನೋದನ್ನ ನಾನೇ ಮನಸ್ಸಲ್ಲಿ ಕಟ್ಕೊಂಡಿದೀನಿ. ಪೂರ್ತಿ ಕತೆ. ಈಗ ನೀವು ನಮ್ಮ ಭಾಷೇಲಿ ತರ್ತೀರ. ಆಗ ನನ್ನ ಕತೆ ಏನಾಗುತ್ತೆ?"

ಕೇಳಿ... ನಾನು ದುರಾಸೆಯವರನ್ನು ಬಲ್ಲೆ. ಸೇಡಿನವರನ್ನು ಬಲ್ಲೆ. ಇಂಥ ಕಾರಣ ಹಿಡಿದು ಮನುಷ್ಯರನ್ನು ಲಿಫ್ಟಿನಲ್ಲಿ ಕೂಡಿಹಾಕಿದವನನ್ನು ಕಂಡಿರಲಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆದರೆ ಡಬ್ಬಿಯನ್ನೂ ಕೊಡಲಿಲ್ಲ. ಒಪ್ಪಿಕೊಂಡ ಕೆಲಸ ಒಪ್ಪಿಕೊಂಡದ್ದೇ.

ಹಿಂದಿನ ಗೋಡೆಯ ಮೇಲೆ ಒಂದು ಸ್ಟಿಕ್ಕರ್ ಇತ್ತು. ಲಿಫ್ಟ್ ಕೆಟ್ಟಲ್ಲಿ ಕರೆ ಮಾಡಿ. ಕೆಳಗೆ ನಂಬರು.

ಅವನ ಮುಂದೆಯೇ ಕರೆ ಮಾಡಿದೆ. ಲಿಫ್ಟು ನಿಂತಿದೆ, ಇಂಥ ಕಟ್ಟಡ, ಆರೂ ಏಳರ ನಡುವೆ. ಆ ಕಡೆಯ ಹೆಂಗಸು ಕಂಪ್ಲೇಂಟ್ ಬರೆದುಕೊಂಡು, ಹತ್ತು ನಿಮಿಷದಲ್ಲಿ ಮೆಕ್ಯಾನಿಕ್ ಬರುತ್ತಾರೆ ಎಂದಳು.

ಅರ್ಧ ನಿಮಿಷಕ್ಕೆ ಅವನ ಜೇಬಿನ ಫೋನು ಬಡಿದುಕೊಂಡಿತು.

"ಒಂದ್ನಿಮಿಷ ಸಾರ್," ಎಂದು ಎದ್ದ. ಹೂಂ ಮೇಡಂ, ಹೂಂ, ಇಲ್ಲೇ ಹತ್ತಿರದಲ್ಲೇ ಇದೀನಿ ಎಂದದ್ದು ಕೇಳಿಸಿತು. ಮತ್ತೆ ಮುಖ ಇಳಿಸಿದಾಗ ನಿಜವಾಗಿಯೂ ಕಂಗಾಲಾಗಿದ್ದ.

"ಕಂಪ್ಲೇಂಟ್ ಬಂದಿದೆ. ಹದಿನೈದು ವರ್ಷದಲ್ಲಿ ಒಂದ್ಸಲನೂ ಲೇಟ್ ಮಾಡಿಲ್ಲ ನಾನು."

"ಮಾಡ್ಬೇಡ ಮತ್ತೆ," ಎಂದೆ.

ಮೂರು ನಿಮಿಷ. ಲೈಟು ಬಂತು, ಫ್ಯಾನು ತಿರುಗಿತು, ಲಿಫ್ಟು ನಯವಾಗಿ ಏಳಕ್ಕೆ ಏರಿತು. ಬಾಗಿಲು ತೆರೆದಾಗ ಅವನು ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದ. ರಿಪೇರಿ ಆಗಿದೆ ಎಂದು ನನ್ನಿಂದ ಸಹಿ ಹಾಕಿಸಿಕೊಂಡ. ನಾನು ಮ್ಯಾಗ್ನೆಟ್ಟಿನಿಂದ ಮೂರು ಮಾರು ದೂರ ನಡೆದು ಮೇಡಂ ಅವರ ಬೀರುವಿಗೆ ಡಬ್ಬಿ ಸೇರಿಸಿದೆ.

ಅರ್ಧ ಕೆಲಸ ಮುಗಿದಿತ್ತು. ಸುಲಭದ ಅರ್ಧ.

ಹೆಂಡತಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಕಲಿಯಲು ಬಂದವರ ಹೊರತು ಯಾರ ಜೊತೆಯೂ ಮಾತಾಡುವುದಿಲ್ಲವಂತೆ. ಮೂರು ಗಂಟೆಯ ಕ್ಲಾಸಿಗೆ ಹೆಸರು ಬರೆಸಿದೆ. ಮುಂದೆ ಕಲಿಯುವವನು, ಒಬ್ಬ ವಯಸ್ಸಾದ ಟೈಲರ್, ಸ್ಟೀರಿಂಗನ್ನು ಬಿದ್ದುಹೋಗುವ ಮಗುವಿನಂತೆ ತಬ್ಬಿ ಕುಳಿತಿದ್ದ. ಪಕ್ಕದಲ್ಲಿ ಆಕೆ, ಕಾಲ ಕೆಳಗೆ ತನ್ನದೇ ಬೇರೆ ಬ್ರೇಕು. ಹಿಂದೆ ನಾನು.

ಇಲ್ಲಿ ವರಸೆ ಹಾಕಲಿಲ್ಲ. ಕನ್ನಡಿಯಲ್ಲಿ ಆಕೆಯ ಕಣ್ಣು ನೋಡಿದ ಕೂಡಲೇ ಸುಳ್ಳು ಗಂಟಲಲ್ಲೇ ಉಳಿಯಿತು. ಆತ ಕೊಟ್ಟಿದ್ದಾನೆ, ಫ್ಲಾಪಿ ಹಾಕುವಾಗ ತಾನೂ ಇರಬೇಕು ಅಂದಿದ್ದಾನೆ ಎಂದೆ.

"ಕ್ಲಚ್," ಎಂದಳು ಟೈಲರಿಗೆ. ನನಗೆ, "ಏನಾದ್ರೂ ಹೇಳಿದ್ನಾ?"

"ಎರಡಕ್ಷರ ಅಂದ್ರು."

ಆಕೆ ನಕ್ಕಳು. ನಗುವಿನಲ್ಲಿ ನಗು ಇರಲಿಲ್ಲ. ನಿಧಾನವಾಗಿ, ಗೇರು ಬದಲಿಸುವಷ್ಟು ಅಚ್ಚುಕಟ್ಟಾಗಿ ಹೇಳಿದಳು. ಹದಿನಾಲ್ಕನೇ ಹಂತದಲ್ಲಿ ಒಂದು ಸೇತುವೆ ಬರುತ್ತದೆ. ನಮ್ಮ ಕಡೆಯ ವೈದ್ಯೆಯನ್ನು, ನೀಲಿ ನಿಲುವಂಗಿಯವಳನ್ನು, ಶತ್ರುಗಳು ಹಿಡಿದು ಸೇತುವೆಯ ಮೇಲೆ ನಿಲ್ಲಿಸಿರುತ್ತಾರೆ. ನಾವು ಒಂದು ಏಟು ಹಾಕಿದರೂ ಸಾಕು, ಅವಳನ್ನು ಹೊಳೆಗೆ ತಳ್ಳುತ್ತಾರೆ. ಮೂರು ಸರದಿ ಯಾರೂ ಏನೂ ಮಾಡದೆ ನಿಂತರೆ ತಾನೇ ತಪ್ಪಿಸಿಕೊಂಡು ಬರುತ್ತಾಳೆ. ಅದನ್ನು ಅವಳೇ ಕೂಗಿ ಹೇಳುತ್ತಾಳೆ. ಆ ಮಾತನ್ನು ನಮ್ಮ ಭಾಷೆಗೆ ತರಲು ಈಕೆಗೆ ನಾಲ್ಕು ದಿನ ಹಿಡಿದಿತ್ತು. 'ಕತ್ತಿ ಎತ್ತಬೇಡಿ, ಸೇತುವೆಯ ಆಚೆಗೇ ಮೂರು ಸರದಿ ಸುಮ್ಮನೆ ನಿಂತಿರಿ, ನಾನು ಬರುತ್ತೇನೆ.'

ಪರದೆಯ ಮೇಲೆ ಮಾತು ಮೂಡಲು ಗಂಡ ಮಾಡಿದ್ದ ಚೌಕದಲ್ಲಿ ಅದು ಹಿಡಿಸಲಿಲ್ಲ. ಹೆಂಡತಿಯನ್ನು ಕೇಳದೆ ಕತ್ತರಿಸಿದ. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು ಎರಡೇ ಅಕ್ಷರ.

'ಇರಿ.'

ಆಡಿ ನೋಡಲು ಹನ್ನೊಂದು ಜನ ಬಂದಿದ್ದರು. ಹನ್ನೊಂದೂ ಜನ ಆ ಮಾತು ಓದಿದರು. ಹನ್ನೊಂದೂ ಜನ ಕತ್ತಿ ತೆಗೆದು ಇರಿದರು!

"ಇಂಡಿಕೇಟರ್," ಎಂದಳು ಆಕೆ. "ಫ್ಲಾಪಿ ಡಿಕ್ಕೀಲೇ ಇದಾವೆ, ಫಸ್ಟ್ ಏಡ್ ಡಬ್ಬೀಲಿ. ಯಾರಿಗೂ ಕೊಡಲ್ಲ. ನಾನೇ ಬರ್ತೀನಿ. ಹಿಂದೆ ಆ ವ್ಯಾನು ಯಾರದ್ದು?"

ತಿರುಗಿ ನೋಡಿದೆ. ನೆತ್ತಿಯ ಮೇಲೆ ಏಣಿ ಕಟ್ಟಿದ ಬಿಳಿ ವ್ಯಾನು. ಗಾಜಿನ ಹಿಂದೆ ಒಪ್ಪವಾಗಿ ಬಾಚಿದ ತಲೆ. ಪಕ್ಕದ ಸೀಟಿನಲ್ಲಿ ಸೀಟ್ ಬೆಲ್ಟ್ ಕಟ್ಟಿಸಿಕೊಂಡ ಮ್ಯಾಗ್ನೆಟ್ಟು.

ಬೇಗ ಓಡಿಸಿ ಎಂದೆ ಟೈಲರಿಗೆ.

ಅವನು ಇಪ್ಪತ್ತರಿಂದ ಇಪ್ಪತ್ತೆರಡಕ್ಕೆ ಏರಿಸಿದ. ಹಣೆಯಲ್ಲಿ ಬೆವರು.

ನನ್ನ ಜೀವನದಲ್ಲಿ ಎಷ್ಟೋ ಬೆನ್ನಟ್ಟುವಿಕೆ ನೋಡಿದ್ದೇನೆ. ಗುರುತಿಸಿ ಹೇಳಬೇಕಾದದ್ದು ಇದೊಂದೇ. ಟೈಲರ್ ಪ್ರತಿ ಜೀಬ್ರಾ ಪಟ್ಟೆಯಲ್ಲೂ ನಿಂತ. ಹಿಂದೆ ವ್ಯಾನೂ ನಿಂತಿತು. ಸೈಕಲ್ ಒಂದು ನಮ್ಮನ್ನು ದಾಟಿತು. ಆಮೇಲೆ ಒಂದು ನಾಯಿ ದಾಟಿತು. ಮುಂದೆ ದೊಡ್ಡ ಸರ್ಕಲ್ಲು. ಟೈಲರ್ ಅದರೊಳಗೆ ಹೊಕ್ಕ... ಹೊರಗೆ ಬರಲು ಧೈರ್ಯ ಸಾಲದೆ ಸುತ್ತತೊಡಗಿದ. ಒಂದು ಸುತ್ತು. ಎರಡು ಸುತ್ತು. ಐದನೇ ಸುತ್ತಿಗೆ ನೋಡಿದರೆ ವ್ಯಾನು ನಮ್ಮ ಮುಂದಿತ್ತು! ಯಾರು ಯಾರನ್ನು ಅಟ್ಟುತ್ತಿದ್ದೇವೆ ಎಂದು ನಮಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

ಏಳನೇ ಸುತ್ತಿಗೆ ಆಕೆ ತನ್ನ ಬ್ರೇಕು ಒತ್ತಿದಳು. ವ್ಯಾನೂ ನಿಂತಿತು. ಮೆಕ್ಯಾನಿಕ್ ಮ್ಯಾಗ್ನೆಟ್ಟನ್ನು ಎದೆಗವಚಿಕೊಂಡು ಇಳಿದು ಬಂದ. ನಾನು ಬಾಗಿಲು ತೆರೆದು ಅಡ್ಡ ನಿಂತೆ. ಮುಷ್ಟಿ ಬಿಗಿದೆ.

ಆಕೆ ನನ್ನನ್ನು ಪಕ್ಕಕ್ಕೆ ಸರಿಸಿದಳು, ಪಾರ್ಕಿಂಗಿನ ಕಂಬ ಸರಿಸಿದ ಹಾಗೆ.

"ಏನು ಬೇಕಪ್ಪ ನಿನಗೆ?"

ನಾನು ಇದ್ದದ್ದು ಹೇಳಿದೆ. ಈತ ಆ ಗೇಮನ್ನು ಭಾಷೆ ತಿಳಿಯದೆ ಇಪ್ಪತ್ತಾರು ವರ್ಷ ಆಡಿದ್ದಾನೆ. ಈಕೆ ಅದನ್ನು ನಮ್ಮ ಭಾಷೆಗೆ ತಂದವಳು. ಮೆಕ್ಯಾನಿಕ್ ಆಕೆಯನ್ನು ನೋಡಿದ. ಸುತ್ತ ಹಾರ್ನುಗಳು ಕಿರುಚುತ್ತಿದ್ದವು. ಅವನ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ.

"ನೀಲಿ ಅಂಗಿಯವಳು," ಎಂದ. "ಸೇತುವೆ ಮೇಲೆ ಅವಳು ಏನೋ ಕೂಗ್ತಾಳೆ. ಇನ್ನೂರು ಸಲ ಆಡಿದೀನಿ ಆ ಹಂತ. ಎಡಗಡೆಯಿಂದ ಹೋದೆ. ಕುದುರೆ ಬಿಟ್ಟೆ. ಬಾಣ ಬಿಟ್ಟೆ. ಏನು ಮಾಡಿದ್ರೂ ತಳ್ತಾರೆ. ಅವಳು ತ್ಯಾಗ ಮಾಡ್ತಾ ಇದಾಳೆ, ನನ್ನ ಬಿಟ್ಟು ಮುಂದೆ ಹೋಗಿ ಅಂತ ಕೂಗ್ತಾಳೆ... ಹಾಗಂದ್ಕೊಂಡಿದೀನಿ. ಹಾಗಲ್ವಾ?"

ನಾನು ನೆಲ ನೋಡಿದೆ. ಆಕೆ ನೋಡಲಿಲ್ಲ.

"ಸುಮ್ಮನೆ ನಿಲ್ಲಿ ಅಂತ ಕೂಗ್ತಾಳೆ. ಮೂರು ಸರದಿ. ನಿಂತಿದ್ರೆ ಬಂದ್ಬಿಡ್ತಿದ್ಲು."

ಆರಡಿ ಎತ್ತರದ ಮನುಷ್ಯ ಸರ್ಕಲ್ಲಿನ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮ್ಯಾಗ್ನೆಟ್ಟು ಜಾರಿ ಹೋಗಿ ವ್ಯಾನಿನ ಬಾಗಿಲಿಗೆ ಠಣ್ಣನೆ ಅಂಟಿಕೊಂಡಿತು.

"ಸುಮ್ಮನೆ ಇರೋದೊಂದನ್ನ ಮಾಡಿ ನೋಡಿರ್ಲಿಲ್ಲ," ಎಂದ.

ಆಕೆ ಅವನ ಪಕ್ಕ ಕುಳಿತಳು. ಇನ್ನೂ ಒಂದು ವಿಷಯ ಹೇಳಿದಳು, ಸಮಾಧಾನಕ್ಕೋ ಏನೋ. ಗಾಯ ವಾಸಿಮಾಡುವಾಗ ಅವಳು ಬಾಯಿ ಅಲ್ಲಾಡಿಸುತ್ತಾಳಲ್ಲ, ಅದು ಮಂತ್ರವಲ್ಲ. ಬೈಗುಳ. ಮತ್ತೆ ಏಟು ತಿಂದು ಬಂದ್ಯಾ, ಕಣ್ಣು ಎಲ್ಲಿಟ್ಟಿದ್ದೆ ಎಂದು ಒಬ್ಬೊಬ್ಬ ಸೈನಿಕನಿಗೂ ಬೇರೆ ಬೇರೆ ಬೈಗುಳ. ಮೆಕ್ಯಾನಿಕ್ ಎದ್ದು ವ್ಯಾನಿಗೆ ಬೀಗ ಹಾಕಿದ. ಆಮೇಲೆ ತಾನೂ ಬರಬಹುದಾ ಎಂದು ಕೇಳಿದ.

ವ್ಯಾನು ಅಲ್ಲೇ ಬಿಟ್ಟು ನಮ್ಮ ಕಾರು ಹತ್ತಿದ. ಟೈಲರ್ ಇಳಿದು ಆಟೋ ಹಿಡಿದು ಮನೆಗೆ ಹೋದ. ಮತ್ತೆ ಆ ಕ್ಲಾಸಿಗೆ ಬರಲಿಲ್ಲವಂತೆ.

ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಏಳನೇ ಮಹಡಿ. ಗುರುವಾರವಿಡೀ ಫ್ಲಾಪಿ ಓದುವ ಹಳೆಯ ಮಷೀನು ಹುಡುಕುವುದರಲ್ಲೇ ಹೋಗಿತ್ತು. ಮೇಜಿನ ಈ ತುದಿಯಲ್ಲಿ ಮೀನಿನ ಅಂಗಡಿ, ಆ ತುದಿಯಲ್ಲಿ ಡ್ರೈವಿಂಗ್ ಸ್ಕೂಲು. ಇಪ್ಪತ್ತಾರು ವರ್ಷದ ನಂತರ ಮುಖಾಮುಖಿ. ಇಬ್ಬರೂ ಮಷೀನನ್ನೇ ನೋಡುತ್ತಿದ್ದರು. ಫ್ಲಾಪಿ ಒಂದು, ಅವನು ಕೊಟ್ಟ. ಎರಡು, ಅವಳು ಕೊಟ್ಟಳು. ಮೂರು. ನಾಲ್ಕು. ಮಷೀನು ಕಟಕಟ ಎಂದು ಒಂದೊಂದನ್ನೇ ನುಂಗಿತು.

ಒಂಬತ್ತನೆಯದು ಓದಲಿಲ್ಲ.

ಮತ್ತೆ ಹಾಕಿದರು. ಓದಲಿಲ್ಲ. ಮೇಡಂ ಅದನ್ನು ಬೆಳಕಿಗೆ ಹಿಡಿದರು. ಒಳಗಿನ ಕಪ್ಪು ಹಾಳೆಯ ಮೇಲೆ ಬೂಷ್ಟು. ಮೀನಿನ ತೊಟ್ಟಿಯ ಹಿಂದೆ ಇಪ್ಪತ್ತಾರು ವರ್ಷ ಕುಡಿದ ತೇವ. ಉಳಿದ ಹನ್ನೊಂದೂ ಸರಿಯಾಗಿದ್ದವು. ಹೋಗಿದ್ದು ಹದಿನಾಲ್ಕನೇ ಹಂತದ ಮಾತುಗಳು ಮಾತ್ರ.

ಗಂಡನ ಮುಖ ಸುಣ್ಣವಾಯಿತು. ಏನೋ ಹೇಳಲು ಬಾಯಿ ತೆರೆದ, ಅವನದೇ ಮೀನುಗಳ ಹಾಗೆ.

"ಹೋಗ್ಲಿ ಬಿಡಿ," ಎಂದಳು ಆಕೆ. "ಅದರಲ್ಲಿ ಇದ್ದದ್ದೂ ಎರಡೇ ಅಕ್ಷರ."

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಇನ್ನು ಆರು ಗಂಟೆ. ನೆನಪಿನಿಂದ ಹೇಳಬಹುದೇ ಎಂದು ಮೇಡಂ ಕೇಳಿದರು. ಆಕೆ ತಲೆ ಅಲ್ಲಾಡಿಸಿದಳು. ಒಂದೆರಡು ಮಾತು ನೆನಪಿದೆ, ಯಾರು ಯಾವಾಗ ಮಾತಾಡುತ್ತಾರೆ ಎನ್ನುವುದು ಮರೆತುಹೋಗಿದೆ.

ಮೂಲೆಯಲ್ಲಿದ್ದ ಮೆಕ್ಯಾನಿಕ್ ಎದ್ದು ನಿಂತ.

"ನಮ್ಮನೆ ಡಬ್ಬೀಲಿ ಆಡ್ತಾ ಆ ಹಂತ ಮುಟ್ಟೋಕೆ ಎರಡು ದಿನ ಬೇಕು. ಆದ್ರೆ ನನಗೆ ನೆನಪಿದೆ."

ನಿಜಕ್ಕೂ ನೆನಪಿತ್ತು! ಪ್ರತಿ ಮುಖ, ಪ್ರತಿ ತಿರುವು, ಯಾವ ಬಾಯಿ ಎಷ್ಟು ಸಲ ತೆರೆಯುತ್ತದೆ ಎನ್ನುವುದು. ಆಫೀಸಿನ ನಡುವೆ ನಿಂತು ಆಡಿ ತೋರಿಸಿದ. ಇಲ್ಲಿ ನಾಲ್ಕು ಸಲ ಬಾಯಿ. ಆಮೇಲೆ ತಲೆ ತಗ್ಗಿಸುತ್ತಾಳೆ. ಆಮೇಲೆ ಸೇನಾಪತಿ ಒಂದು ಹೆಜ್ಜೆ ಹಿಂದೆ. ಆಕೆ ಕಣ್ಣು ಮುಚ್ಚಿ ಕೇಳಿದಳು. ಗಂಡ ಕೀಬೋರ್ಡು ಎಳೆದುಕೊಂಡ. ಮಾತು ತುಂಬಬೇಕಾದ ಚೌಕ ಪರದೆಯ ಮೇಲೆ ಖಾಲಿಯಾಗಿ ಮಿನುಗುತ್ತಿತ್ತು.

"ಎಷ್ಟಕ್ಷರ ಹಿಡಿಸುತ್ತೆ?" ಎಂದಳು, ಪರದೆಯನ್ನೇ ನೋಡುತ್ತಾ.

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

"ಎಷ್ಟು ಬೇಕಾದ್ರೂ ಹೇಳು. ನಾನು ಜಾಗ ಮಾಡ್ತೀನಿ."

ಆಕೆ ಹೇಳತೊಡಗಿದಳು. ಅವನು ಕೀಬೋರ್ಡು ಬಡಿಯತೊಡಗಿದ. ಹನ್ನೆರಡಾಯಿತು, ಒಂದಾಯಿತು. ಸೇತುವೆಯ ಮೇಲಿನ ಹೆಂಗಸು ಮೊದಲು ಸೈನಿಕರಿಗೆ ನಿಲ್ಲಲು ಹೇಳಿದಳು. ಆಮೇಲೆ ಯಾಕೆ ನಿಲ್ಲಬೇಕೆಂದು ಹೇಳಿದಳು. ಆಮೇಲೆ, ಹೇಳದೆ ಕೇಳದೆ ಇನ್ನೊಬ್ಬರ ಮಾತು ಕತ್ತರಿಸುವವರ ಬಗ್ಗೆ ಬಹಳ ದೀರ್ಘವಾಗಿ ಹೇಳಿದಳು. ಜಪಾನಿ ಮೂಲದಲ್ಲಿ ಅದು ಇತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಮೆಕ್ಯಾನಿಕ್ ಮಾತ್ರ ಒಮ್ಮೆ, ಇಲ್ಲಿ ಇಷ್ಟು ಬಾಯಿ ಇಲ್ಲ ಮೇಡಂ ಎಂದು ಸಣ್ಣ ದನಿಯಲ್ಲಿ ಹೇಳಿದ. ಗಂಡ ಅವನನ್ನು ದುರುಗುಟ್ಟಿ ನೋಡಿ, ಬಾಯಿ ಸೇರಿಸೋಣ ಎಂದ.

ನಾಲ್ಕೂ ಐವತ್ತಕ್ಕೆ ಗೇಮು ಓಡಿತು, ಮೇಡಂ ಅದನ್ನು ಜಪಾನಿನವರಿಗೆ ತೋರಿಸಿದರು. ನಾಲ್ಕೂ ಐವತ್ತೆಂಟಕ್ಕೆ, ಒಪ್ಪಿಗೆ ಖಾಯಂ ಎಂದು ಅಲ್ಲಿಂದ ಉತ್ತರ ಬಂತು.

ಗೇಮು ಬಿಡುಗಡೆಯಾಗಿ ಈಗ ಆರು ತಿಂಗಳು. ಮೆಕ್ಯಾನಿಕ್ ಮೊದಲ ದಿನವೇ ರಜೆ ಹಾಕಿ ಆಡಿದ. ಸೇತುವೆ ಬಂದಾಗ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಮೂರು ಸರದಿ ಕುಳಿತನಂತೆ. ಅವಳು ಬಂದಳು. ಬಂದವಳೇ ಬೈದಳಂತೆ. ಫೋನಿನಲ್ಲಿ ಹೇಳುವಾಗ ಅವನ ದನಿ ಒದ್ದೆಯಾಗಿತ್ತು.

ಗಂಡ ಹೆಂಡತಿ ಮತ್ತೆ ಮದುವೆಯಾಗಲಿಲ್ಲ. ಆದರೆ ಏಳನೇ ಮಹಡಿಯಲ್ಲಿ ಎರಡನೇ ಗೇಮು ತರುತ್ತಿದ್ದಾರೆ. ಒಂದೇ ಮೇಜು.

ಗೇಮನ್ನು ಜನ ಮೆಚ್ಚಿದ್ದಾರೆ. ದೂರು ಒಂದೇ. ಹದಿನಾಲ್ಕನೇ ಹಂತದಲ್ಲಿ ಒಬ್ಬ ಹೆಂಗಸು ಸೇತುವೆಯ ಮೇಲೆ ನಿಂತು ಹತ್ತೊಂಬತ್ತು ನಿಮಿಷ ಮಾತಾಡುತ್ತಾಳೆ. ನಡುವೆ ನಿಲ್ಲಿಸಲು ಯಾವ ಕೀಲಿಯೂ ಕೆಲಸ ಮಾಡುವುದಿಲ್ಲ. ಒಂದು ಕೀಲಿ ಕೊಡಿ ಎಂದು ಸಾವಿರಾರು ಜನ ಬರೆದಿದ್ದಾರೆ. ಕೊಡಲ್ಲ ಎಂದು ಗಂಡ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾನೆ.

ಅವನು ಇಪ್ಪತ್ತಾರು ವರ್ಷಕ್ಕೆ ಒಂದು ಪಾಠ ಕಲಿತ. ಫೀಸು ಮಾತ್ರ ಗೇಮು ಕೊಂಡವರೆಲ್ಲ ಕಟ್ಟುತ್ತಿದ್ದಾರೆ.